ಟೇಲ್ ಎಂಡಿಗೆ ಬಿದ್ದ ಸಾಬಮ್ಮ

“ಅಕ್ಕಾ, ನೀ ಇಷ್ಟ್ ವರ್ಷ ಪೇಪರಿನ್ಯಾಗ ಬರದೀಯಲ್ಲ, ಅದ್ರಿಂದ ಯಾರಿಗರೆ ಒಂದು ಫಾಯ್ದಾ ಆಗೇದೇನು?”

ದಸರಾ ರಜೆ ಮುಗಿದ ಮರುವಾರ ಬೆಳಗಿನ ಚಹಾದ ಹೊತ್ತಿಗೆ ನನ್ನ ತಮ್ಮ ಮಾನಪ್ಪ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಹಲೋ ಇಲ್ಲ, ಆರಾಮ ಇದ್ದೀಯಾ ಎಂಬುದಿಲ್ಲ, ನೇರವಾಗಿ ಮರ್ಮಕ್ಕೇ ಕೈ. ನನ್ನ ಸಂಪಾದಕರೂ ಇಷ್ಟು ದಿನ ಈ ಪ್ರಶ್ನೆ ಕೇಳಿಲ್ಲ. (ಇದನ್ನು ಓದಿ ಅವರಿಗೆ ಐಡಿಯಾ ಬರದಿರಲಿ.)

“ಯಾಕೋ, ಏನಾತು?” ಅಂದೆ.

“ಆಗೂದೇನು? ನಮ್ಮ ಸಾಬಮ್ಮನ್ನ ಸಾಲ್ಯಾಗ ಟೇಲ್ ಎಂಡಿಗೆ ಹಾಕ್ಯಾರ! ಊರ ತುಂಬ ಬೇಇಜ್ಜತಿ ಆಗ್ಯಾದ. ನೀ ಇವತ್ತೇ ಬಾ. ಬಂದು ಆ ಟೀಚರ್‌ಗ ಒಂದೀಟು ಪೇಪರಿನ ಬಿಸಿ ಮುಟ್ಟಸು.”

ಸಾಬಮ್ಮ ಅವನ ಮಗಳು. ಐದನೇ ಕ್ಲಾಸು. ನಮ್ಮವ್ವನ ಹೆಸರನ್ನೇ ಇಟ್ಟಿದ್ದಾರೆ, ಜೊತೆಗೆ ನಮ್ಮವ್ವನ ಬಾಯಿಯೂ ಬಂದಿದೆ. ಅವಳು ಮಾತಿಗೆ ನಿಂತರೆ ದೊಡ್ಡವರೂ ಪಾಳಿ ಹಚ್ಚಿ ಕಾಯಬೇಕು. ಅಂಥ ಹುಡುಗಿಗೆ ಟೇಲ್ ಎಂಡೇ?

ಕಾಲುವೆಯನ್ನು ಟಿವಿಯಲ್ಲಿ ಮಾತ್ರ ನೋಡಿದ ಓದುಗರಿಗೆ ಒಂದು ಮಾತು. ನಮ್ಮ ಶಹಾಪುರ, ಸುರಪುರದ ಸೀಮೆಗೆ ಎಡದಂಡೆ ಕಾಲುವೆ ಬಂದ ಮೇಲೆ ಮನುಷ್ಯರಲ್ಲಿ ಎರಡು ಹೊಸ ಕುಲ ಹುಟ್ಟಿಕೊಂಡವು. ಕಾಲುವೆಯ ತಲೆಯ ಕಡೆ ಹೊಲ ಇರುವವರು ಹೆಡ್ ಎಂಡಿನವರು. ಅವರಿಗೆ ಮೊದಲು ನೀರು. ಕೊನೆಗೆ ಇರುವವರು ಟೇಲ್ ಎಂಡಿನವರು. ಅವರಿಗೆ ಮೊದಲು ಭರವಸೆ, ನಂತರವೂ ಭರವಸೆ. ಹೆಡ್ಡಿನವರು ನೀರು ನಿಲ್ಲಿಸಿ ಭತ್ತ ಬೆಳೆಯುತ್ತಾರೆ. ಟೇಲಿನವರು ಹತ್ತಿ ಹಾಕಿ ಕಾಲುವೆಯ ದಂಡೆಯ ಮೇಲೆ ಕೂತು ಬಾಗಿ ಬಾಗಿ ನೋಡುತ್ತಾರೆ. ಈ ಇಂಗ್ಲಿಷ್ ಶಬ್ದಗಳನ್ನು ಯಾವ ಶಾಲೆಯೂ ಕಲಿಸಿಲ್ಲ. ಇಂಗ್ಲಿಷಿನ ಎ ಬರದ ನಮ್ಮ ಮುದುಕರೂ ‘ಅಂವ ಟೇಲ್ ಎಂಡಿನಾಂವ, ಹೆಣ್ಣು ಕೊಡೂದು ಬ್ಯಾಡ’ ಎಂದು ಸಂಬಂಧ ಮುರಿಯುವಷ್ಟು ಪಂಡಿತರಾಗಿದ್ದಾರೆ.

ನಮ್ಮ ತಮ್ಮನ ಹೊಲ ದೇವಾಪುರದ ಆಚೆ, ಒಂದು ಉಪಕಾಲುವೆಯ ಟೇಲಿನಲ್ಲಿದೆ. ಈಗ ಮಗಳೂ ಟೇಲಿಗೆ ಬಿದ್ದರೆ ಮನುಷ್ಯ ಹೇಗೆ ತಡೆದುಕೊಂಡಾನು?

ಹೊರಟೆ. ಶಹಾಪುರದಿಂದ ಸುರಪುರಕ್ಕೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಟಂಟಂನಲ್ಲಿ ಒಂದು ಕಾಲು ನನ್ನದು, ಇನ್ನೊಂದು ಕಾಲು ಯಾರ ಚೀಲದ ಕೆಳಗಿತ್ತೋ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅಂಕಣ ಬರೆದುಕೊಂಡೆ. ‘ಮಕ್ಕಳಿಗೆ ಹಣೆಪಟ್ಟಿ ಕಟ್ಟುವ ಶಿಕ್ಷಣ!’ ಶೀರ್ಷಿಕೆ ಚೆನ್ನಾಗಿತ್ತು. ಶಾಲೆ ನೋಡುವ ಮೊದಲೇ ಮುಕ್ಕಾಲು ಲೇಖನ ಮುಗಿದಿತ್ತು. (ನಮ್ಮ ಕಸುಬಿನಲ್ಲಿ ಇದಕ್ಕೆ ಅನುಭವ ಎನ್ನುತ್ತಾರೆ.)

ಶಾಲೆಯ ಪಡಸಾಲೆಯಲ್ಲಿ ಆಗಲೇ ಜನ ಸೇರಿದ್ದರು. ಎಲ್ಲರೂ ಟೇಲ್ ಎಂಡಿನ ಅಪ್ಪಂದಿರು. ಮಗಳು ಯಾವ ಕ್ಲಾಸಿನಲ್ಲಿದ್ದಾಳೆ ಎಂದು ಕೇಳಿದರೆ ಹೆಂಡತಿಯ ಮುಖ ನೋಡುವ ಮಂದಿ, ಈವತ್ತು ಕೆಲಸ ಬಿಟ್ಟು ಬಂದಿದ್ದರು. ಅವರ ನಡುವೆ ಶಿವಲೀಲಾ ಟೀಚರ್ ನಿಂತಿದ್ದರು. ಯಾದಗಿರಿಯವರು, ಈ ಶಾಲೆಗೆ ಬಂದು ಬಹಳ ದಿನವಾಗಿಲ್ಲ. ತೆಳ್ಳಗಿನ ಹೆಂಗಸು, ದಪ್ಪ ದನಿ.

ನನ್ನನ್ನು ನೋಡಿದ್ದೇ ಮಾನಪ್ಪ, “ಬಂದ್ಳು ನೋಡ್ರಿ ನಮ್ಮಕ್ಕ, ಪೇಪರಿನಾಕಿ!” ಎಂದು ಘೋಷಿಸಿದ.

ಟೀಚರ್ ಹೆದರಲಿಲ್ಲ. “ಬರ್ರಿ ಮೇಡಂ. ಚಹಾ ಕುಡೀತೀರೋ, ಮೊದಲ ಬೈತೀರೋ?” ಅಂದರು.

ನಾನು ಚಹಾ ಅಂದೆ. ಬೈಯುವುದಕ್ಕೆ ಮೊದಲು ವಿಷಯವಾದರೂ ತಿಳಿಯಬೇಕಲ್ಲ.

ವಿಷಯ ಇಷ್ಟು. ಟೀಚರ್ ಬಂದ ಹೊಸದರಲ್ಲಿ ಐದನೇ ಕ್ಲಾಸಿನ ಒಂದೊಂದೇ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ಹಿಂದೆ ನೋಡಿರದ ನಾಲ್ಕು ಸಾಲು ಓದಿಸಿದ್ದಾರೆ. ಯಾರು ಎಲ್ಲಿ ತಡವರಿಸುತ್ತಾರೆ ಎಂದು ಕೇಳಿಸಿಕೊಂಡಿದ್ದಾರೆ. ಕೇಳಿಸಿಕೊಂಡು ಮೂರು ಗುಂಪು ಮಾಡಿದ್ದಾರೆ. ಸಲೀಸಾಗಿ ಓದುವವರು, ತೊಡರುತ್ತ ಓದುವವರು, ಓದಲಾಗದವರು.

ಹೆಸರಿಡುವಾಗ ಎಡವಟ್ಟಾಯಿತು. ಮೊದಲು ಮಲ್ಲಿಗೆ, ಸಂಪಿಗೆ, ಸೇವಂತಿಗೆ ಎಂದು ಇಟ್ಟಿದ್ದರಂತೆ. ಒಂದೇ ದಿನದಲ್ಲಿ ಮಕ್ಕಳು ‘ಸೇವಂತಿಗಿ ಅಂದ್ರ ದಡ್ಡರ ಹೂವು’ ಎಂದು ತೀರ್ಮಾನಿಸಿದರು. ಆಗ ಟೀಚರ್‌ಗೆ ಯಾವುದೋ ತರಬೇತಿಯಲ್ಲಿ ಕೇಳಿದ್ದು ನೆನಪಾಯಿತು: ಸ್ಥಳೀಯ ಪರಿಸರವನ್ನು ಬಳಸಿ. “ನೀವೇ ಹೆಸರಿಡ್ರಿ” ಎಂದು ಮಕ್ಕಳಿಗೇ ಬಿಟ್ಟರು. ಕಾಲುವೆ ಊರಿನ ಮಕ್ಕಳು. ಒಕ್ಕೊರಲಿನಿಂದ ಕೂಗಿದರು: ಹೆಡ್, ಮಿಡಲ್, ಟೇಲ್!

“ಛಂದ ಅನಿಸ್ತ್ರಿ ನನಗ,” ಅಂದರು ಟೀಚರ್. “ಊರಿನ ಮಾತು, ಊರಿನ ಕಾಲುವಿ. ನಮ್ಮ ಮನ್ಯಾಗ ಹೊಲ ಇಲ್ರಿ. ಇದಕ್ಕ ಇಷ್ಟು ಜಗಳ ಅದ ಅಂತ ನನಗೇನು ಗೊತ್ತು?”

ಈ ಸೀಮೆಯಲ್ಲಿ ತಂದೆಯಾದವನಿಗೆ ಮಗ ದಡ್ಡ ಎಂದರೆ ನಗುತ್ತಾನೆ, ಉಡಾಳ ಎಂದರೆ ಒಳಗೊಳಗೇ ಹಿಗ್ಗುತ್ತಾನೆ. ಟೇಲ್ ಎಂಡಿನವನು ಎಂದು ನೋಡಿ, ಕೈಯಲ್ಲಿ ಬಡಿಗೆ ಹಿಡಿದು ಬರುತ್ತಾನೆ. ಟೀಚರ್ ಅದನ್ನೇ ಶಾಲೆಯ ಗೋಡೆಯ ಮೇಲೆ ಬಣ್ಣದ ಹಾಳೆಯಲ್ಲಿ ಬರೆದು ಅಂಟಿಸಿದ್ದರು.

“ನನ್ನ ಮಗಳು ಪುಸ್ತಕ ಫಡಫಡ ಓದ್ತಾಳ್ರಿ,” ಮಾನಪ್ಪ ಎದ್ದು ನಿಂತ. “ನಾ ದಿನಾ ಸಂಜಿಮುಂದ ಕೇಳ್ತೀನಿ. ಬೇಕಾರ ಈಗ ಓದಸ್ರಿ, ನಮ್ಮಕ್ಕನ ಮುಂದ.”

ಓದಿಸಿದರು. ಸಾಬಮ್ಮ ಬಂದಳು. ಎರಡು ಜಡೆ, ಎಣ್ಣೆ, ಎಲ್ಲಿಲ್ಲದ ಶಿಸ್ತು. ಪಠ್ಯಪುಸ್ತಕ ತೆರೆದು ಶುರು ಮಾಡಿದಳು ನೋಡಿ, ನಿಲ್ಲಲೇ ಇಲ್ಲ. ಏರಿಳಿತ, ಅಭಿನಯ, ನಡುವೆ ಕಣ್ಣೆತ್ತಿ ನನ್ನ ಕಡೆ ಒಂದು ನಗೆ. ಅಪ್ಪಂದಿರು ತಲೆದೂಗಿದರು. ಮಾನಪ್ಪ ನನ್ನನ್ನು ನೋಡಿದ. ನಾನು ಟೀಚರನ್ನು ನೋಡಿದೆ, ಪತ್ರಕರ್ತೆಯ ಗತ್ತಿನಲ್ಲಿ.

“ಬೆರಳು ನೋಡ್ರಿ ಮೇಡಂ,” ಅಂದರು ಟೀಚರ್ ಮೆಲ್ಲಗೆ.

ನೋಡಿದೆ. ಸಾಬಮ್ಮನ ಬಾಯಿ ಪುಟದ ಕೊನೆಗೆ ತಲುಪಿತ್ತು. ಬೆರಳು ಇನ್ನೂ ಎರಡನೇ ಸಾಲಿನಲ್ಲಿ ನಿಂತಿತ್ತು.

ಆಮೇಲೆ ಟೀಚರ್ ಒಂದು ಕಾರ್ಡು ಕೊಟ್ಟರು. ಮೇಲೆ ಚಿತ್ರ: ಒಬ್ಬ ಹೆಂಗಸು, ಒಂದು ಮೇಕೆ, ಹಿಂದೆ ಕಾಲುವೆ. ಕೆಳಗೆ ನಾಲ್ಕು ಸಾಲು. ಸಾಬಮ್ಮ ಒಂದು ಕ್ಷಣ ಚಿತ್ರ ನೋಡಿದಳು. ನಂತರ ಅದೇ ರಾಗದಲ್ಲಿ, ಒಬ್ಬಾಕಿ ಮೇಕೆ ಹಿಡಿದುಕೊಂಡು ಕಾಲುವೆಗೆ ಹೋದಳು, ಮೇಕೆ ನೀರು ಕುಡಿಯಿತು, ಕಾಲು ಜಾರಿ ಬಿತ್ತು, ಹೆಂಗಸು ಸೆರಗು ಎಸೆದು ಎಳೆದಳು ಎಂದು ‘ಓದಿದಳು’. ಭಲೇ ಕಥೆ. ನನಗೆ ಮುಂದೇನಾಯಿತು ಎಂದು ಕೇಳುವಷ್ಟು ಕುತೂಹಲ ಹುಟ್ಟಿತು.

ಕಾರ್ಡಿನಲ್ಲಿ ಇದ್ದದ್ದು ಬೇರೆ. ಕಳೆದುಹೋದ ಮೇಕೆಯನ್ನು ಊರೆಲ್ಲ ಹುಡುಕಿದರು, ಅದು ಹಿತ್ತಿಲಲ್ಲೇ ಮಲಗಿತ್ತು ಎಂದಿತ್ತು. ಯಾರೂ ಜಾರಿ ಬಿದ್ದಿರಲಿಲ್ಲ.

ಟೀಚರ್ ಅಂಗೈಯಿಂದ ಚಿತ್ರ ಮುಚ್ಚಿದರು. “ಈಗ ಓದು, ಸಾಬಮ್ಮ.”

ಅವಳ ಬಾಯಿ ನಿಂತುಹೋಯಿತು. ‘ಕ’ ಅಂದಳು, ‘ಳ’ ಅಂದಳು, ಮುಂದಿನ ಶಬ್ದದ ಕೆಳಗಿನ ಒತ್ತಿಗೆ ಬಂದು ತುಟಿ ಕಚ್ಚಿದಳು. ಕಿವಿ ಕೆಂಪಾಯಿತು. ಊರಿಗೆಲ್ಲ ಉತ್ತರ ಕೊಡುವ ಹುಡುಗಿ ನನ್ನ ಮುಖವನ್ನು ನೋಡಲಾರದೆ ನೆಲ ನೋಡಿದಳು. ಐದು ವರ್ಷದಿಂದ ಈ ಕೂಸು ತನಗೆ ಓದಲು ಬರುವುದಿಲ್ಲ ಎಂಬುದನ್ನು ಒಬ್ಬಳೇ ಬಚ್ಚಿಟ್ಟುಕೊಂಡು ತಿರುಗಿದೆಯಲ್ಲ! ಕೇಳಿ ಕೇಳಿ ಬಾಯಿಪಾಠ ಮಾಡಿ, ಚಿತ್ರ ನೋಡಿ ಕಥೆ ಕಟ್ಟಿ, ಇಡೀ ಊರನ್ನು ನಂಬಿಸಿದೆಯಲ್ಲ. (ಶಾಲೆ ನೋಡದೆ ಲೇಖನ ಕಟ್ಟಿದ ಸೋದರತ್ತೆಯ ರಕ್ತ, ಎಲ್ಲಿ ಹೋದೀತು?)

ಮಾನಪ್ಪ ಕೂತ. ಬಹಳ ಹೊತ್ತು ಟೋಪಿ ಸರಿಮಾಡಿಕೊಂಡ.

“ಜಾಣ ಹುಡುಗಿರಿ ಇಕಿ,” ಅಂದರು ಟೀಚರ್. “ಬಿಡಿ ಅಕ್ಷರ ಎಲ್ಲಾ ಬರ್ತಾವ. ಒತ್ತು ಬಂದಲ್ಲಿ ಸಿಕ್ಕೊಂತಾಳ. ಸಿಕ್ಕೊಂಡಿದ್ದು ಯಾರಿಗೂ ಗೊತ್ತಾಗಬಾರದು ಅಂತ ಹಾರಿಸ್ಕೊಂಡು ಹೋಗ್ತಾಳ. ದಿನಾ ಒಂದು ತಾಸು ಹತ್ತಿರ ಕೂಡ್ರಿಸ್ಕೊಂಡ್ರ ದಾಟಸ್ತೀನಿ. ಮುಂದಿನ ವರ್ಷ ದೊಡ್ಡ ಸಾಲಿಗೆ ಹೋಗ್ತಾಳ್ರಿ. ಅಲ್ಲಿ ಒಬ್ಬೊಬ್ಬರನ್ನ ಕೂಡ್ರಿಸಿ ಅಕ್ಷರ ಬಿಡಿಸೋರು ಯಾರೂ ಇರಂಗಿಲ್ಲ. ಓದಾಕ ಬರಲಾರದ ಹುಡುಗಿ ಎಷ್ಟ್ ದಿನ ಸಾಲಿಗೆ ಹೋಗ್ತಾಳ, ನೀವೇ ಹೇಳ್ರಿ.”

ಹೇಳುವ ಅಗತ್ಯವಿರಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಕೂಲಿಗೆ ಹೋಗುವ ಬೆಳಗಿನ ಟಂಟಂಗಳಲ್ಲಿ ಶಾಲೆ ಬಿಟ್ಟ ಎಷ್ಟು ಹುಡುಗಿಯರು ಕೂತಿರುತ್ತಾರೆ ಎಂದು ಆ ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಈ ವರ್ಷ ಓದಿದರೆ ಓದಿದಳು.

ಹಾಗಾದರೆ ಇಷ್ಟು ವರ್ಷ ಯಾರೂ ಅವಳನ್ನು ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದರು ಸ್ವಾಮಿ! ನಮ್ಮಲ್ಲಿ ಪರೀಕ್ಷೆಗೇನು ಬರ? ವರ್ಷದ ಆರಂಭಕ್ಕೊಂದು, ನಡುವಿಗೊಂದು, ಕೊನೆಗೊಂದು. ಮಗು ಓದುತ್ತದೋ ಇಲ್ಲವೋ ಎಂದು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಮೊಬೈಲಿನಲ್ಲಿ ತುಂಬುತ್ತಾರೆ.

“ತುಂಬಿದ ಮ್ಯಾಲೆ ಏನಾಗ್ತದ್ರಿ?” ಎಂದು ಕೇಳಿದೆ.

“ಅಪ್‌ಲೋಡ್ ಆಗ್ತದ್ರಿ.”

“ಆಮ್ಯಾಲೆ?”

“ಮುಂದಿನ ವರ್ಷ ಮತ್ತ ಅಪ್‌ಲೋಡ್ ಮಾಡ್ತೀವ್ರಿ.”

ನನಗೆ ಕಾಲುವೆಯ ಗೇಜು ನೆನಪಾಯಿತು. ಅಲ್ಲಲ್ಲಿ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಗೀಟು ಎಳೆದಿರುತ್ತಾರೆ. ಸಿಬ್ಬಂದಿ ಬಂದು ನೋಡುತ್ತಾರೆ, ನೀರು ಎಷ್ಟಿದೆ ಎಂದು ಬರೆದುಕೊಂಡು ಹೋಗುತ್ತಾರೆ. ಟೇಲಿನಲ್ಲಿ ನೀರಿಲ್ಲ ಎಂಬುದನ್ನು ಅತ್ಯಂತ ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತಾರೆ. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇರುವುದಿಲ್ಲ. ಮೇಲೆ ಹೋಗಿ ಗೇಟು ಎತ್ತುವುದು ಯಾರ ಕೆಲಸ ಎಂಬುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ.

ಹಾಗೆ ನೋಡಿದರೆ ನಾವೇನು ಕಡಿಮೆಯೇ? ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ನಮ್ಮ ಜಿಲ್ಲೆಯನ್ನು ಪಟ್ಟಿಯ ಕೆಳಗಿನಿಂದ ಹುಡುಕುವ ರೂಢಿ ನಮಗೆ ಚೆನ್ನಾಗಿ ಆಗಿದೆ. ಒಂದು ವಾರ ಚರ್ಚೆ, ಒಂದು ಸಭೆ, ಒಂದು ಚಹಾ. ರಾಜ್ಯಕ್ಕೆ ನಾವೇ ಟೇಲ್ ಎಂಡು. ಹತ್ತನೆಯದು ಕೆಟ್ಟರೆ ಹತ್ತನೆಯದಕ್ಕೇ ಔಷಧ ಹುಡುಕುತ್ತೇವೆ. ಎರಡನೇ ಕ್ಲಾಸಿನಲ್ಲಿ ಒತ್ತಿಗೆ ಸಿಕ್ಕಿ ಬಿದ್ದ ಕೂಸನ್ನು ಯಾರು ಕೇಳಬೇಕು?

ಶಿವಲೀಲಾ ಟೀಚರ್ ಕೇಳಿದ್ದರು. ಅದೇ ಅವರು ಮಾಡಿದ ಅಪರಾಧ. ಕೇಳಿದ್ದಷ್ಟೇ ಅಲ್ಲ, ಗೇಟನ್ನೂ ಎತ್ತಿದ್ದರು. ಕೆಳಗಿನ ಗುಂಪಿನಲ್ಲಿ ಎಲ್ಲರಿಗೂ ಒಂದೇ ರೋಗವಲ್ಲ ಎಂದೂ ಅವರಿಗೆ ಗೊತ್ತಾಗಿತ್ತು. ಸಾಬಮ್ಮನಿಗೆ ಒತ್ತು. ಮಲ್ಲಮ್ಮ ಎಂಬ ಇನ್ನೊಂದು ಹುಡುಗಿಗೆ ಪುಸ್ತಕ ಮೂಗಿಗೆ ಹಿಡಿದರೆ ಓದಲು ಬರುತ್ತದೆ, ಬೋರ್ಡಿನ ಮೇಲಿನದು ಬರುವುದಿಲ್ಲ. “ಅಕಿಗೆ ಪಾಠ ಅಲ್ರಿ, ಚಶ್ಮಾ ಬೇಕು” ಅಂದರು. ನಾಗಪ್ಪನೆಂಬುವನು ಬಸ್ ಕಂಡಕ್ಟರ್ ಊರಿನ ಹೆಸರು ಕೂಗಿದಂತೆ ಗಡಗಡ ಓದುತ್ತಾನೆ, ಏನು ಓದಿದೆ ಎಂದು ಕೇಳಿದರೆ ಟೀಚರ್ ಮುಖವನ್ನೇ ನೋಡುತ್ತಾನೆ. ಅವನ ಸಂಗಡ ಕೂತು ಮಾತಾಡಬೇಕು. ಮೂವರಿಗೂ ಒಂದೇ ಪಾಠವನ್ನು ಇನ್ನಷ್ಟು ಜೋರಾಗಿ ಹೇಳುವುದು ನಮ್ಮ ಹಳೆಯ ಪದ್ಧತಿ. ಕೇಳದಿದ್ದರೆ ಇನ್ನೂ ಜೋರಾಗಿ.

ನನ್ನ ಲೇಖನದ ಶೀರ್ಷಿಕೆ ಅಲ್ಲೇ ಸತ್ತಿತು. ಆದರೆ ಅಪ್ಪಂದಿರ ಸಿಟ್ಟು ಸಾಯಬೇಕಲ್ಲ?

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಹಣಮಂತ್ರಾಯ ಬಂದರು. ಹೆಡ್ ಎಂಡಿನ ಆಸಾಮಿ. ಭತ್ತ, ಬುಲೆಟ್ ಗಾಡಿ, ಬಿಳಿ ಅಂಗಿ. ಅವರ ಮಗಳು ಐಶ್ವರ್ಯ ಅದೇ ಕ್ಲಾಸಿನಲ್ಲಿ ಸಲೀಸಾಗಿ ಓದುವವಳು, ಹೆಡ್ ಗುಂಪಿನವಳು. “ಇದ್ರಾಗ ತಕರಾರು ಏನದ? ಬರಾಬರ್ ಅದ. ಹೆಡ್ಡಿನವರು ಹೆಡ್‌ನ್ಯಾಗ, ಟೇಲಿನವರು ಟೇಲ್‌ನ್ಯಾಗ” ಎಂದರು. ಮಕ್ಕಳ ಓದಿನಲ್ಲೂ ಭೂಮಿಯ ಇಳಿಜಾರು ಸರಿಯಾಗಿದೆ ಎಂಬ ಸಮಾಧಾನ ಅವರಿಗೆ.

ಗದ್ದಲ ಎದ್ದಿತು. ಗುಂಪು ತೆಗೆಯಿರಿ, ಇಲ್ಲವೇ ಎಲ್ಲರನ್ನೂ ಹೆಡ್ ಮಾಡಿರಿ. ಅಲ್ಲಿಯವರೆಗೆ ಮಕ್ಕಳನ್ನು ಕಳಿಸುವುದಿಲ್ಲ ಎಂದರು ಟೇಲಿನ ಅಪ್ಪಂದಿರು. ಮಾನಪ್ಪ ಸುಮ್ಮನಿದ್ದ. ಆದರೆ ಸುಮ್ಮನಿದ್ದವನ ಹಟ ಜೋರು. ಮಗಳಿಗೆ ಓದು ಬರುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಅದು ಗೊತ್ತಾಗಿಯೂ, ಟೇಲ್ ಎಂಬ ಹಾಳೆಯ ಕೆಳಗೆ ಅವಳು ಕೂಡುವುದು ಮಾತ್ರ ಅವನಿಗೆ ನುಂಗಲಾಗುತ್ತಿರಲಿಲ್ಲ.

ಟೀಚರ್ ಕೈಯೆತ್ತಿದರು. “ಒಂದು ಮಾತು ಹೇಳ್ತೀನಿ ಕೇಳ್ರಿ. ಮಧ್ಯಾಹ್ನ ಊಟ ಆದ ಮ್ಯಾಲೆ ನನಗ ಒಂದು ತಾಸು ಸಿಗ್ತದ. ಆ ತಾಸು ಪೂರಾ ನಾ ಟೇಲಿನವರ ಹತ್ರ ಕೂಡ್ತೀನಿ. ಹೆಡ್ಡಿನವರು ತಾವೇ ಓದ್ಕೊಂತಾರ. ನಿಮ್ಮ ಕಾಲುವಿ ಹಂಗಲ್ರಿ ಇದು. ಇಲ್ಲಿ ಮೊದಲನೇ ನೀರು ಟೇಲಿಗೇ.”

ಸರ್ಕಾರ ಎಂಬುದು ಹುಟ್ಟಿದಾಗಿನಿಂದ ಮೊದಲನೇ ನೀರು ಟೇಲಿಗೆ ಬಂದ ಸುದ್ದಿಯನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಅದನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದರು, ಎಲ್ಲಿ ಮೋಸ ಇದೆ ಎಂದು.

ಮಾನಪ್ಪ ನಿಧಾನವಾಗಿ ತಲೆ ಎತ್ತಿದ. “ಹಂಗಿದ್ರ ಹೆಸರೇ ತಪ್ಪಲ್ರಿ ಟೀಚರ್? ಮೊದಲನೇ ನೀರು ಯಾರಿಗೆ ಹೋಗ್ತದ, ಅವರಿಗೇ ಹೆಡ್ ಅನ್ನೂದು. ಯಾರನರೆ ಕೇಳ್ರಿ.”

“ಹೌದ್ರಿ, ಹೌದ್ರಿ!” ಅಂದಿತು ಪಡಸಾಲೆ.

ಟೀಚರ್ ನನ್ನನ್ನು ನೋಡಿದರು. ನಾನು ಚಹಾದ ಲೋಟದೊಳಗೆ ನೋಡಿದೆ. ಅವರು ಎದ್ದು ಹೋಗಿ ಗೋಡೆಯ ಮೇಲಿನ ಎರಡು ಹಾಳೆಗಳನ್ನು ಅದಲುಬದಲು ಮಾಡಿದರು. ಮಕ್ಕಳು ಕೂತಲ್ಲೇ ಕೂತಿದ್ದರು. ಪಾಠ ಅದೇ, ಟೀಚರ್ ಅವರೇ. ಓದಲು ಬಾರದವರು ಈಗ ಹೆಡ್, ಓದಲು ಬರುವವರು ಟೇಲ್. ಅಪ್ಪಂದಿರು ಗೆದ್ದ ಸಂತೋಷದಲ್ಲಿ ಮನೆಗೆ ಹೋದರು. ಮಾನಪ್ಪ ನನ್ನನ್ನು ಸುರಪುರದ ತನಕ ಬೈಕಿನಲ್ಲಿ ಬಿಟ್ಟು, “ನೀ ಬಂದಿದ್ದು ಚಲೋ ಆತಕ್ಕಾ, ಪೇಪರಿನ ಬಿಸಿ ಮುಟ್ಟತು” ಅಂದ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಹಣಮಂತ್ರಾಯರನ್ನು ಮರೆತಿರಿ.

ಮುಂದಿನ ವಾರ ಟೀಚರ್ ಫೋನ್ ಮಾಡಿದರು. ನಗು ತಡೆದುಕೊಂಡು ಮಾತಾಡುವ ದನಿ. ಅಧ್ಯಕ್ಷರು ಮಗಳ ಕೈಹಿಡಿದು ಶಾಲೆಗೆ ಬಂದಿದ್ದರಂತೆ. “ಭತ್ತ ಬೆಳಿಯಾಂವ ನಾ. ನನ್ನ ಮಗಳು ಟೇಲ್‌ನ್ಯಾಗ ಕೂಡಬೇಕಾ? ಊರಾಗ ನನ್ನ ಇಜ್ಜತ್ ಏನಾಗಬೇಕು? ಹೆಡ್ಡಿಗೆ ಹಾಕ್ರಿ.”

“ಆ ಗುಂಪಿಗೆ ಬರಬೇಕಂದ್ರ ಓದಾಕ ಬರಬಾರದ್ರಿ ಅಧ್ಯಕ್ಷರೇ. ಐಶ್ವರ್ಯ ಪೇಪರ್ ಓದ್ತಾಳ.”

“ಓದ್ಲಿ! ಬರಂಗಿಲ್ಲ ಅಂತ ಬರಕೊಳ್ರಿ. ಯಾರು ಕೇಳ್ತಾರ?”

ಟೀಚರ್ ಪರೀಕ್ಷೆ ಮಾಡಿಯೇ ಹಾಕುತ್ತೇನೆ ಅಂದರಂತೆ. ನಿಯಮ ನಿಯಮವೇ. ತಂದೆ ಮಗಳ ಕಿವಿಯಲ್ಲಿ ಏನೋ ಹೇಳಿದರು. ಐಶ್ವರ್ಯ ಕೂತಳು, ಕಾರ್ಡು ಹಿಡಿದಳು. ಮೊದಲ ಶಬ್ದಕ್ಕೆ ಬೇಕಂತಲೇ ತಡವರಿಸಿದಳು. ಎರಡನೆಯದಕ್ಕೂ ತಡವರಿಸಿದಳು. ಅಷ್ಟರಲ್ಲಿ ಮೇಕೆ ಕಳೆದುಹೋಯಿತು. ಆಮೇಲೆ ಆ ಹುಡುಗಿ ತಡೆಯಲಾರದೆ ಒಂದೇ ಉಸಿರಿಗೆ ಕೊನೆಯವರೆಗೆ ಓದಿ, ಮೇಕೆ ಹಿತ್ತಿಲಲ್ಲಿ ಸಿಕ್ಕಿದ ಮೇಲೆ ಅಪ್ಪನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಅಧ್ಯಕ್ಷರು ಮಗಳು ಚೆನ್ನಾಗಿ ಓದಿದ್ದಕ್ಕೆ ತಲೆ ತಗ್ಗಿಸಿ ಹೋದರಂತೆ. ಇಂಥ ದೃಶ್ಯ ಬೇರೆ ಯಾವ ಜಿಲ್ಲೆಯಲ್ಲಿ ಸಿಗುತ್ತದೆ ಹೇಳಿ?

ಇರಲಿ. ಸಾಬಮ್ಮನ ಒಂದು ತಾಸು ನಡೆಯಿತು. ದಿನಾ ನಡೆಯಿತು. ಟೀಚರ್ ಶಬ್ದವನ್ನು ಬಿಡಿಸಿ ಕೊಡುತ್ತಿದ್ದರು, ಒತ್ತು ತೆಗೆದು ಓದಿಸಿ, ಒತ್ತು ಕೊಟ್ಟು ಓದಿಸಿ, ಮತ್ತೆ ಕೂಡಿಸುತ್ತಿದ್ದರು. ತಿಳಿಯದ ಶಬ್ದ ಬಂದರೆ ಹಾರಿಸಬಾರದು, ನಿಂತು ಕೇಳಬೇಕು ಎಂಬುದು ಅವರ ಕಾಯಿದೆ. ಆಗಾಗ ಹೊಸ ಕಾರ್ಡು ಕೊಟ್ಟು ಎಲ್ಲಿಗೆ ಬಂದಿದ್ದಾಳೆಂದು ನೋಡುತ್ತಿದ್ದರು. ನೋಡಿದ್ದಕ್ಕೆ ತಕ್ಕಂತೆ ಮರುದಿನದ ಪಾಠ ಬದಲಾಗುತ್ತಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಸಾರು ರುಚಿ ನೋಡಿ ಉಪ್ಪು ಹಾಕುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿರುವ ಸಂಗತಿ. ರುಚಿ ನೋಡಿ, ಉಪ್ಪು ಕಡಿಮೆ ಎಂದು ಬರೆದು, ಅಪ್‌ಲೋಡ್ ಮಾಡಿ, ಹಾಗೆಯೇ ಬಡಿಸುವುದು ಕಚೇರಿಗಳಿಗೆ ಮಾತ್ರ ಸಾಧ್ಯ.

ಕಳೆದ ವಾರ ಎಳ್ಳಮಾವಾಸ್ಯೆ. ನಮ್ಮ ಕಡೆ ಆ ದಿನ ಮನೆಯಲ್ಲಿ ಊಟ ಮಾಡುವವನು ಪಾಪಿ. ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಗೆ ಚರಗದ ಎಡೆ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ನಾನೂ ಹೋಗಿದ್ದೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ಸಾಬಮ್ಮನ ಅವ್ವ, ಅಂದರೆ ನನ್ನ ನಾದಿನಿ, ಬುತ್ತಿ ಬಿಚ್ಚುತ್ತಿರುವಾಗಲೇ ಟೀಚರ್ ಫೋನ್ ಬಂದಿತು. ನನಗಲ್ಲ, ಮಾನಪ್ಪನಿಗೆ. ಸ್ಪೀಕರ್ ಹಾಕಿದ.

“ಸಾಬಮ್ಮ ಈಗ ಭಾಳ ಸುಧಾರಿಸ್ಯಾಳ್ರಿ. ಅಮಾಸಿ ಮುಗಿಸ್ಕೊಂಡು ಬಂದ ಮ್ಯಾಲೆ ಅಕಿನ್ನ ಮಿಡಲ್ ಗುಂಪಿಗೆ ಕಳಸ್ತೀನಿ. ಅಲ್ಲಿ ಸಣ್ಣ ಸಣ್ಣ ಕತಿ ಪುಸ್ತಕ ಓದಸ್ತೀನಿ.”

ನನ್ನ ತಮ್ಮನ ಮುಖ ಗಟ್ಟಿಯಾಯಿತು. “ಮಿಡಲ್ಲಾ? ಯಾಕ್ರಿ? ನನ್ನ ಮಗಳು ಹೆಡ್‌ನ್ಯಾಗ ಅದಾಳ, ಅಲ್ಲೇ ಇರ್ತಾಳ. ಒಂದ್ಸಲ ಹೆಡ್ ಬಿಟ್ಟು ಕೆಳಗ ಇಳದವರು ತಿರುಗಿ ಹೆಡ್ ಕಂಡಾರೇನು?”

“ಅಲ್ರಿ, ಅಕಿಗೆ ಈಗ ಓದಾಕ ಬರ್ತದ...”

“ಬಂದ್ರೂ ಬರಂಗಿಲ್ಲ ಅಂತ ಬರಕೊಳ್ರಿ,” ಎಂದು ಫೋನ್ ಇಟ್ಟ. ಹಣಮಂತ್ರಾಯರ ಮಾತೇ. ಹೆಡ್ಡಿನವರಾಗಲು ಎಷ್ಟು ಹೊತ್ತು ಬೇಕು?

“ಮಾನ್ಯಾ, ಹುಡುಗಿ ಮುಂದ ಹೋಗೂದು ಬ್ಯಾಡೇನೋ?” ಅಂದೆ. ನಿಜಕ್ಕೂ ಸಿಟ್ಟು ಬಂದಿತ್ತು.

“ನೀ ಸುಮ್ನಿರಕ್ಕಾ. ನಿನಗ ಕಾಲುವಿ ಗೊತ್ತಿಲ್ಲ,” ಎಂದವನೇ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಪಾನಾ, ಅಂದರೆ ನಟ್ಟು ತಿರುಗಿಸುವ ಸ್ಪ್ಯಾನರು, ತೆಗೆದುಕೊಂಡು ಎದ್ದ. ಹೊಲದ ಮೂಲೆಯಲ್ಲಿ ತೂಬು ಇದೆ, ಅದಕ್ಕೊಂದು ಕಬ್ಬಿಣದ ಗೇಟು. ಸರದಿಯಂತೆ ನೀರು ಬಿಡುವ ವಾರಬಂದಿಯ ಲೆಕ್ಕದಲ್ಲಿ ಅವನ ಪಾಳಿ ಇನ್ನೂ ಬಂದಿರಲಿಲ್ಲ. ಆದರೆ ಹಬ್ಬದ ದಿನ, ಎಲ್ಲರೂ ಉಣ್ಣುವುದರಲ್ಲಿರುತ್ತಾರೆ, ಸಿಬ್ಬಂದಿಯೂ ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ? (ಅವನಿಗಿಂತ ಕೆಳಗೂ ಹೊಲಗಳಿವೆ. ಟೇಲಿನವನ ಕೆಳಗೂ ಟೇಲಿನವರಿರುತ್ತಾರೆ ಎಂಬುದು ನನಗೆ ಆವತ್ತೇ ಹೊಳೆದದ್ದು.)

ಅವನು ಪಾನಾ ಹಚ್ಚಿ ತಿರುಗಿಸುತ್ತಿದ್ದ. ಹೋಳಿಗೆ ತಿನ್ನುತ್ತ ಹಿಂದೆ ಹೋದ ಸಾಬಮ್ಮ ತೂಬಿನ ಪಕ್ಕದ ಗೋಡೆಯ ಮುಂದೆ ನಿಂತಳು. ಅಲ್ಲಿ ಬಹಳ ವರ್ಷದಿಂದ ಒಂದು ಬರಹವಿದೆ. ಅದರ ಮೇಲೆ ಮಾನಪ್ಪ ಅಂಗಿ ಒಣಹಾಕುತ್ತಾನೆ, ಬೆನ್ನು ಆನಿಸಿ ಬೀಡಿ ಸೇದುತ್ತಾನೆ. ಅಲ್ಲಿ ಚಿತ್ರ ಇರಲಿಲ್ಲ. ಊಹಿಸುವುದಕ್ಕೆ ಮೇಕೆ, ಹೆಂಗಸು ಏನೂ ಇರಲಿಲ್ಲ.

ಬೆರಳಿಟ್ಟು ಓದತೊಡಗಿದಳು.

“ಅನುಮತಿ... ಇಲ್ಲದೆ... ತೂಬಿನ ಗೇಟು... ತೆರೆಯುವುದು...”

ಬೆರಳು ಮತ್ತು ಬಾಯಿ ಒಂದೇ ಕಡೆ ಇದ್ದವು. ನಾನು ರೊಟ್ಟಿ ಕೈಯಲ್ಲಿ ಹಿಡಿದು ಎದ್ದು ನಿಂತೆ.

“ಶಿ... ಕ...” ನಿಂತಳು. ಹಾರಿಸುತ್ತಾಳೆ ಅಂದುಕೊಂಡೆ. ಹಾರಿಸಲಿಲ್ಲ. ಹಿಂದಕ್ಕೆ ಬಂದಳು, ಒತ್ತು ಬಿಡಿಸಿದಳು, ಕೂಡಿಸಿದಳು. “ಶಿಕ್ಷಾ... ಶಿಕ್ಷಾರ್ಹ... ಅಪರಾಧ!”

ಗೆದ್ದಳು ಹುಡುಗಿ. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಟ್ಟು ಏನು ಮಾಡಲಿ? ಅವಳಿಗೆ ಮಾತ್ರ ಅದರ ಖಬರಿಲ್ಲ. ಟೀಚರ್ ಕಾಯಿದೆಯ ಪ್ರಕಾರ ತಿಳಿಯದ ಶಬ್ದವನ್ನು ಕೇಳಬೇಕಲ್ಲ, ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಶಿಕ್ಷಾರ್ಹ ಅಂದ್ರೇನು?”

ಮಾನಪ್ಪನ ಕೈಯಲ್ಲಿ ಪಾನಾ ನಿಂತಿತು. ಗೇಟು ಅರ್ಧ ಎದ್ದಿತ್ತು, ನೀರು ಗಳಗಳ ಒಳಗೆ ಬರುತ್ತಿತ್ತು.

“ಅದು... ಮುಂದಿನ ಕ್ಲಾಸಿಂದು. ನಿನಗ್ಯಾಕ ಬೇಕದು?”

“ತೆರೆಯುವುದು ಅಂದ್ರ ನೀ ಈಗ ಮಾಡಾಕತ್ತಿಯಲ್ಲ, ಅದಾ?”

ನಾದಿನಿ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ಆಕಾಶ ನೋಡಿದೆ. ನನ್ನ ತಮ್ಮ ಒಮ್ಮೆ ಗೋಡೆ ನೋಡಿದ, ಒಮ್ಮೆ ಮಗಳನ್ನು ನೋಡಿದ. ಗೇಟು ಕೆಳಗಿಳಿಸಿದ. ಪಾನಾವನ್ನು ಟವೆಲ್ಲಿನಲ್ಲಿ ಸುತ್ತಿದ. ಆಮೇಲೆ ಫೋನ್ ತೆಗೆದು ಟೀಚರ್‌ಗೆ ಹಚ್ಚಿದ.

“ಟೀಚರ್, ಅಕಿನ್ನ ಮಿಡಲ್‌ಗೆ ಕಳಸ್ರಿ. ಜಲ್ದಿ ಕಳಸ್ರಿ. ಕತಿ ಪುಸ್ತಕನೇ ಓದಸ್ರಿ. ಗ್ವಾಡಿ ಮ್ಯಾಗಿಂದು ಓದಸೂದು ಬ್ಯಾಡ.”

ಎಲ್ಲರೂ ನಕ್ಕರು, ಊಟ ಮಾಡಿದರು. ಸಾಬಮ್ಮ ಹೋಳಿಗೆ ಕಟ್ಟಿ ತಂದಿದ್ದ ಹಳೆಯ ಪೇಪರಿನ ತುಂಡನ್ನು ಬಿಡಿಸಿ ಓದುತ್ತ ಕೂತಳು. ಎಣ್ಣೆ ಮೆತ್ತಿದ ಆ ತುಂಡು ನನ್ನದೇ ಹಿಂದಿನ ಒಂದು ಅಂಕಣ. ಅರ್ಧ ಓದಿ, “ಅತ್ತಿ, ಇದನ್ನ ಇಷ್ಟ್ ಉದ್ದ ಯಾಕ ಬರೀತಿ?” ಎಂದು ಕೇಳಿದಳು. ಓದು ಕಲಿಸುವುದರ ಅಪಾಯಗಳು ಒಂದೆರಡಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಮಾನಪ್ಪ ಹತ್ತನೇ ಕ್ಲಾಸು ಪಾಸಾದವನು. ಆ ಗೋಡೆಯ ಬರಹವನ್ನು ಅವನು ಯಾವತ್ತಾದರೂ ಓದಬಹುದಿತ್ತು. ಹಣಮಂತ್ರಾಯರು ‘ಲಘು ನೀರಾವರಿ ಪ್ರದೇಶ, ಭತ್ತ ಬೆಳೆಯಬಾರದು’ ಎಂಬ ಬೋರ್ಡಿನ ಕೆಳಗೇ ಬುಲೆಟ್ ನಿಲ್ಲಿಸುತ್ತಾರೆ. ಅಪ್‌ಲೋಡ್ ಆದದ್ದನ್ನೆಲ್ಲ ಓದಬೇಕಾದ ದೊಡ್ಡ ಸಾಹೇಬರುಗಳಿಗೂ ಒತ್ತಕ್ಷರ ಸರಿಯಾಗಿಯೇ ಬರುತ್ತದೆ. ಓದಲು ಬಾರದ ಮಕ್ಕಳಿಗೆ ಶಿವಲೀಲಾ ಟೀಚರ್ ದಿನಕ್ಕೊಂದು ತಾಸು ಇಟ್ಟಿದ್ದಾರೆ, ಅವರು ಹೇಗೂ ದಾಟುತ್ತಾರೆ.

ಓದಲು ಬಂದೂ ಓದದ ನಮ್ಮನ್ನೆಲ್ಲ ಯಾವ ಗುಂಪಿಗೆ ಹಾಕುತ್ತೀರಿ, ಟೀಚರ್?